ಉಳ್ಳಾಗಡ್ಡಿ ಸಿಪ್ಪೆ ಮತ್ತು ಅವ್ವನ ನೀಲಿ ಪಂಪು

"ಇದು ಆಗೋ ಮಾತಲ್ಲ" ಅಂತ ಮೊದಲು ಅಂದವರು ನಮ್ಮ ಸೋದರತ್ತೆ. ಅಪ್ಪನ ಅಕ್ಕ; ಔರಾದಕ್ಕೆ ಕೊಟ್ಟ ಹೆಣ್ಣುಮಗಳು. ನಾನು ಪಿಯುಸಿ ಪಾಸಾದ ಸುದ್ದಿ ಕೇಳಿ ಬೀದರಿಗೆ ಬಂದಿದ್ದರು. ಪೇಢಾ ತಂದಿದ್ದರು. ಒಂದು ಪೇಢಾ ನನ್ನ ಬಾಯಿಗೆ ಹಾಕಿ, ಅದು ಕರಗುವ ಮೊದಲೇ ಅಪ್ಪನ ಕಡೆ ತಿರುಗಿದರು.

"ಪಾಸಾಗ್ಯಾಳ, ಖುಷಿ ಆಯ್ತು. ಆದ್ರ ಮುಂದ ಡಿಗ್ರಿ ಗಿಗ್ರಿ ಅನ್ಬ್ಯಾಡ ತಮ್ಮಾ. ನಮ್ಮ ಮನ್ಯಾಗ ಗಂಡಸ್ರೇ ಹತ್ತನೇತ್ತ ದಾಟಿಲ್ಲ. ಇದು ಆಗೋ ಮಾತಲ್ಲ. ಒಂದು ಛಲೋ ಮನಿ ನೋಡಿ ಕೊಟ್ಟುಬಿಡಮು. ಇವರವ್ವನ ದಮ್ಮು ಊರಿಗೆಲ್ಲ ಗೊತ್ತಾಗೋದ್ರಾಗ."

ಒಳಗೆ ಅವ್ವ ಕೆಮ್ಮುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಿರಬೇಕು, ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮನ್ನೂ ನುಂಗಿಕೊಂಡಳು.

ನಮ್ಮ ಮೂಲ ಊರು ಭಾಲ್ಕಿ ತಾಲೂಕಿನ ಸಾಯಗಾಂವ. ನಾನು ಹುಟ್ಟುವ ಮೊದಲೇ ಅಪ್ಪ ಬೀದರಿನ ಗಾಂಧಿ ಗಂಜಿಗೆ, ಅಂದರೆ ಕಾಳುಕಡಿಯ ಮಾರುಕಟ್ಟೆಗೆ, ಹಮಾಲನಾಗಿ ಬಂದಿದ್ದ. ಗಂಜಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಅಪ್ಪ ಚೀಲ ಹೊರುತ್ತಿದ್ದ, ಅವ್ವ ಅಲ್ಲಿಯೇ ಕಾಳು ಹಸನ ಮಾಡುತ್ತಿದ್ದಳು. ತೊಗರಿ ಬಂದಾಗ ತೊಗರಿ, ಹೆಸರು ಬಂದಾಗ ಹೆಸರು, ಬೆಳಗಿನಿಂದ ಜರಡಿ ಹಿಡಿಯುವ ಕೆಲಸ. ಹೊಟ್ಟಿನ ಧೂಳು ಮೂಗಿಗೆ ಕಟ್ಟಿದ ಬಟ್ಟೆಯನ್ನೂ ದಾಟಿ ಹೋಗುತ್ತದೆ. ಅವ್ವನಿಗೆ ದಮ್ಮು ಹತ್ತಿತು. ಕೆಲಸ ಬಿಟ್ಟರೂ ದಮ್ಮು ಬಿಡಲಿಲ್ಲ. ದವಾಖಾನೆಯಲ್ಲಿ ಬಾಯಿಗಿಟ್ಟು ಉಸಿರಿನ ಜೊತೆ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು. ಕಂದು ಬಣ್ಣದ್ದು ದಿನಾ ಬೆಳಿಗ್ಗೆ ಸಂಜೆ ತಪ್ಪದೆ ತೆಗೆದುಕೊಳ್ಳಬೇಕು, ಅದು ಶ್ವಾಸನಾಳದ ಒಳಗಿನ ಬಾವನ್ನು ಇಳಿಸಿಡುತ್ತದೆ. ನೀಲಿಯದು ಉಸಿರು ಕಟ್ಟಿದಾಗ ಮಾತ್ರ. ಇಷ್ಟೇ ಸಂಗತಿ. ಇದನ್ನು ನಮ್ಮ ಮನೆಯವರಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ.

ಅತ್ತೆಯ ಪ್ರಕಾರ ಪಂಪು ಅಂದರೆ ಕೊನೆಯ ಇಲಾಜು. "ಒಮ್ಮಿ ಬಾಯಿಗಿ ಹತ್ತಿದ್ರ ಬಿಡಂಗಿಲ್ಲ, ಅಫೀಮಿನ್ಹಂಗ" ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಚಿಂತೆ ನನ್ನ ಮದುವೆಯದು. ದಮ್ಮಿನವಳ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ? ಹಾಗಾಗಿ ಪಂಪು ಯಾರ ಕಣ್ಣಿಗೂ ಬೀಳಬಾರದು ಅಂತ ಅತ್ತೆ ಕಾಯ್ದೆ ಮಾಡಿದರು. ಅವ್ವ ಕಂದು ಪಂಪನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ನೀಲಿಯದು ಸದಾ ಮೈಮೇಲೆ ಬೇಕಲ್ಲ, ಅದನ್ನು ತನ್ನ ಎಲೆ ಅಡಿಕೆ ಸಂಚಿಯೊಳಗೆ ಸೇರಿಸಿದಳು. ನಮ್ಮ ಕಡೆ ಹೆಂಗಸಿನ ಸೊಂಟದ ಸಂಚಿಯನ್ನು ಯಾರೂ ಕೇಳದೆ ಬಿಚ್ಚುವುದಿಲ್ಲ. ಅದರೊಳಗೆ ಸುಣ್ಣದ ಡಬ್ಬಿ, ಕಾಚು, ಒಡೆದ ಅಡಿಕೆ, ಅವುಗಳ ನಡುವೆ ಉಸಿರಿನ ಪಂಪು.

ಅಪ್ಪ ಅಕ್ಕನ ಎದುರು ಬಾಯಿ ಬಿಡುವವನಲ್ಲ. ಪೇಢಾ ತಂದ ದಿನವೂ ಬಿಡಲಿಲ್ಲ. ಅತ್ತೆ ಔರಾದದ ಬಸ್ಸು ಹತ್ತಿದ ಮೇಲೆ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಅಂದ: "ನಡಿ ಯವ್ವ, ಭಾಲ್ಕಿಗಿ ಹೋಗಿ ಹೆಸರು ಹಚ್ಚಿ ಬರಮು. ಅಲ್ಲಿ ಹಾಸ್ಟೆಲ್ ಅದಾವಂತ. ಗಂಜಿನ ಧೂಳರ ತಪ್ತದ."

ಭಾಲ್ಕಿಯಲ್ಲಿ ಬಿಎಸ್ಸಿ ಮುಗಿಸಿದೆ. ಸುಲಭಕ್ಕೆ ಮುಗಿಸಲಿಲ್ಲ. ಕನ್ನಡ ಮಾಧ್ಯಮದಿಂದ ಹೋದವಳು, ಮೊದಲ ವರ್ಷ ಪಾಠ ಕೇಳುವುದಕ್ಕಿಂತ ಪಾಠದ ಶಬ್ದ ಹುಡುಕುವುದರಲ್ಲೇ ಹೋಯಿತು. ಲ್ಯಾಬಿನಲ್ಲಿ ಗಾಜಿನ ಸಾಮಾನನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ, ಒಡೆದರೆ ಏನು ಗತಿ ಅಂತ. ಊರಿಗೆ ಬಂದರೆ ಅತ್ತೆ ಕೇಳುತ್ತಿದ್ದರು, "ಇನ್ನೂ ನಡದದೇನು ನಿಂದು?" ನಡೆದಿತ್ತು. ನಮ್ಮ ಮನೆತನದಲ್ಲಿ ಪದವಿ ಮಾಡಿದ ಮೊದಲ ವ್ಯಕ್ತಿ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಂತರ ಬೀದರಿನಲ್ಲೇ ಎಂಎಸ್ಸಿಗೆ ಸೇರಿದೆ, ಜೀವರಸಾಯನ ಶಾಸ್ತ್ರ. ಅದರಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಾನು ಆರಿಸಿಕೊಂಡದ್ದು ಉಳ್ಳಾಗಡ್ಡಿ ಸಿಪ್ಪೆ.

ಆರಿಸಿಕೊಂಡದ್ದು ಅವ್ವನ ಸಲುವಾಗಿಯೇ. ದಮ್ಮಿನವರ ಶ್ವಾಸನಾಳ ಬಾತುಕೊಂಡಿರುತ್ತದೆ. ಆ ಬಾವು ಇರುವಲ್ಲಿ ದೇಹವೇ ಒಂದು ತರಹದ ಕಿಡಿಗೇಡಿ ಕಣಗಳನ್ನು ಹುಟ್ಟಿಸುತ್ತದೆ, ಕಬ್ಬಿಣವನ್ನು ತುಕ್ಕು ತಿಂದಂತೆ ಅವು ಒಳಗಿನ ಜೀವಕೋಶಗಳನ್ನು ತಿನ್ನುತ್ತವೆ. ಅವುಗಳನ್ನು ತಣ್ಣಗೆ ಮಾಡುವ ಪದಾರ್ಥಗಳಿಗೆ ಆಂಟಿಆಕ್ಸಿಡೆಂಟ್ ಅನ್ನುತ್ತಾರೆ. ಅರಿಶಿನದಲ್ಲಿ ಅದೆ, ನೆಲ್ಲಿಕಾಯಿಯಲ್ಲಿ ಅದೆ, ದ್ರಾಕ್ಷಿಯಲ್ಲಿ ಅದೆ. ನಾವು ಬಿಸಾಡುವ ಉಳ್ಳಾಗಡ್ಡಿಯ ಕೆಂಪು ಸಿಪ್ಪೆಯಲ್ಲಿ ಕ್ವೆರ್ಸಿಟಿನ್ ಅನ್ನುವ ಒಂದು ಪದಾರ್ಥ ಚೆನ್ನಾಗಿ ಅದೆ. ಇಂಥವುಗಳಿಂದ ಮುಂದೆ ದಮ್ಮಿಗೆ ಔಷಧ ಆದೀತೇನೋ ಅಂತ ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ನೋಡುತ್ತಿದ್ದಾರೆ. ಇಲಿಗಳಲ್ಲಿ ಬಾವು ಇಳಿದದ್ದು ಕಂಡಿದ್ದಾರೆ. ಮನುಷ್ಯರ ಮಾತು ಬೇರೆ. ತಿಂದದ್ದೆಲ್ಲ ರಕ್ತ ಸೇರುವುದಿಲ್ಲ, ಸೇರಿದ್ದು ಶ್ವಾಸನಾಳದವರೆಗೆ ಹೋಗುತ್ತದೋ ಇಲ್ಲವೋ, ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು, ಯಾವುದೂ ಇನ್ನೂ ಗಟ್ಟಿಯಾಗಿಲ್ಲ.

ನನ್ನ ಪ್ರಾಜೆಕ್ಟು ಇಲಿಯವರೆಗೂ ಹೋದದ್ದಲ್ಲ. ಗಂಜಿನಿಂದ ಸಿಪ್ಪೆ ಆರಿಸಿ ತಂದು, ತೊಳೆದು, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಅದರ ಸಾರ ತೆಗೆಯುವುದು. ಕಡು ನೇರಳೆ ಬಣ್ಣದ ಒಂದು ದ್ರಾವಣಕ್ಕೆ ಆ ಸಾರ ಹಾಕುವುದು. ಸಾರಕ್ಕೆ ಶಕ್ತಿ ಇದ್ದರೆ ನೇರಳೆ ಬಣ್ಣ ಇಳಿಯುತ್ತಾ ಹಳದಿಯಾಗುತ್ತದೆ. ಆಯಿತು. ಮೊದಲ ಸಲ ಹಳದಿಯಾದಾಗ ನಾನು ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ನನ್ನ ಗೈಡ್ ಮೇಡಂ ಮೈಸೂರು ಕಡೆಯವರು, ಅಳೆದು ಮಾತಾಡುವವರು. "ಬಣ್ಣ ಹೋಯಿತು ಅಂತ ಬರಿ. ಕಾಯಿಲೆ ಹೋಯಿತು ಅಂತ ಬರೀಬೇಡ" ಅಂದರು. ಹಾಗೆಯೇ ಬರೆದೆ.

ಆದರೆ ಅಪ್ಪ ಆ ವಿಡಿಯೋ ನೋಡಿದ. ತನ್ನ ಫೋನಿಗೆ ಹಾಕಿಸಿಕೊಂಡ. ಮರುದಿನ ಗಂಜಿನ ಚಹಾ ಅಂಗಡಿಯಲ್ಲಿ ಹಮಾಲರೆಲ್ಲ ಸೇರಿ ನೋಡಿದರು. ಅಪ್ಪನ ವಿವರಣೆ: "ನ್ಯಾರಳಿ ಅದಲ್ಲ, ಅದು ದಮ್ಮು. ನಮ್ಮ ಹುಡುಗಿ ಉಳ್ಳಾಗಡ್ಡಿ ನೀರು ಹಾಕಿದ್ಲು, ದಮ್ಮು ಹೋಯ್ತು." ವಿಡಿಯೋ ಲಾರಿ ಡ್ರೈವರುಗಳ ಫೋನು ಸೇರಿತು, ಔರಾದ ಸೇರಿತು. ನಾನು ಪ್ರಾಜೆಕ್ಟಿನ ಮೊದಲ ಅಧ್ಯಾಯ ಬರೆಯುವ ಹೊತ್ತಿಗೆ ಅತ್ತೆ ಔರಾದದ ಮನೆಮನೆಗೆ ಹೋಗಿ, ತಮ್ಮನ ಮಗಳು ದಮ್ಮಿಗೆ ದವಾ ಕಂಡುಹಿಡಿದಾಳೆ ಅಂತ ಸಾರಿ ಬಂದಿದ್ದರು. ಆಗೋ ಮಾತಲ್ಲ ಅಂದ ಅದೇ ಬಾಯಿ. ಆಗದೇ ಇದ್ದದ್ದನ್ನು ಆಗಿದೆ ಅಂತ ಹೇಳುತ್ತಿತ್ತು.

ಗುರುತಿಲ್ಲದವರ ಫೋನು ಶುರುವಾದವು. ಬಗದಲ್‌ನಿಂದ ಒಬ್ಬ ರೈತರು ಕೇಳಿದರು, "ಬಿಳೀ ಉಳ್ಳಾಗಡ್ಡಿ ನಡೀತದೇನ್ರಿ ಮೇಡಂ, ಕೆಂಪೇ ಬೇಕ್ರಿ?"

"ಯಾವುದೂ ಬ್ಯಾಡ್ರಿ. ನಾ ಕಂಡುಹಿಡಿದದ್ದು ಏನೂ ಇಲ್ರಿ. ಡಾಕ್ಟರ್ ಬರ್ದಿದ್ದು ಬಿಡಬ್ಯಾಡ್ರಿ."

"ಹಂಗಂದ್ರ ಹ್ಯಾಂಗ್ರಿ? ವಿಡಿಯೋದಾಗ ಹಳದಿ ಆಯ್ತಲ್ರಿ."

"ಅದು ಗಾಜಿನ ನಳಿಗಿ ಒಳಗ ಆಗಿದ್ದು ಕಾಕಾ. ಮನುಷ್ಯಾನ ಒಳಗ ಅಲ್ಲ."

"ಸೀಕ್ರೆಟ್ ಅದ ಕಾಣ್ತದ, ಇರ್ಲಿ ಬಿಡ್ರಿ" ಅಂತ ಫೋನಿಟ್ಟರು.

ಹೊರಗಿನವರದು ಹೇಗೋ ನಡೆಯುತ್ತಿತ್ತು. ಒಂದು ದಿನ ಕಾಲೇಜಿನಿಂದ ಬಂದರೆ ಮನೆಯೆಲ್ಲ ಉಳ್ಳಾಗಡ್ಡಿ ಸಿಪ್ಪೆ ಕುದ್ದ ವಾಸನೆ. ಅತ್ತೆ ಒಲೆ ಮುಂದೆ ಕೂತಿದ್ದರು. ಪಕ್ಕದಲ್ಲಿ ಗೋಣಿಚೀಲದ ತುಂಬ ಸಿಪ್ಪೆ. ಅವ್ವ ಲೋಟ ಹಿಡಿದು ಕೆಂಪನೆಯ ಕಾಡಾ, ಆ ಸಿಪ್ಪೆಯ ಕಷಾಯ, ಕುಡಿಯುತ್ತಿದ್ದಳು. ಅಕ್ಕಿ ಡಬ್ಬಿಯ ಹಿಂದೆ ಕೈ ಹಾಕಿ ನೋಡಿದೆ. ಕಂದು ಪಂಪಿನ ಮೇಲೆ ಧೂಳು ಕೂತಿತ್ತು.

"ಇದು ಬಿಟ್ಟು ಎಷ್ಟು ದಿನ ಆಯ್ತವ್ವಾ?"

"ನೀ ಔಷಧ ಹುಡುಕಿದ ಮ್ಯಾಲ ಆ ಪಂಪ್ ಯಾಕ ಬೇಕು?"

"ನಾ ಏನೂ ಹುಡುಕಿಲ್ಲವ್ವ. ಈ ಕಾಡಾ ಕುಡದ್ರ ಕುಡಿ, ನಾ ಬ್ಯಾಡನ್ನಂಗಿಲ್ಲ. ಪಂಪ್ ಬಿಡಬ್ಯಾಡ."

ಅತ್ತೆ ಒಲೆಯಿಂದ ಮುಖ ಎತ್ತಲಿಲ್ಲ. "ಅಲ್ಲ ಪೋರಿ, ಇಷ್ಟು ವರ್ಷ ಮನಿ ಬಿಟ್ಟು ಹೋಗಿ ಇದನ್ನೇ ಓದಿದಿ. ಈಗ ಕುಡ್ದ್ರ ಬ್ಯಾಡಂತಿ. ಮತ್ತ ಓದಿದ್ದು ಯಾತಕ್ಕ?"

"ಓದಿದ್ದಕ್ಕೇ ಹೇಳ್ಲತ್ತೀನಿ ಅತ್ತಿ. ಇದರಾಗ ಗುಣ ಅದ. ಆದ್ರ ದಮ್ಮಿಗಿ ಔಷಧ ಅಂತ ಇನ್ನಾ ಯಾರೂ ಮಾಡಿಲ್ಲ."

"ಗುಣ ಅದ ಅಂತಿ, ಔಷಧ ಅಲ್ಲ ಅಂತಿ. ಒಂದೇನರ ಹೇಳು."

ಇಡೀ ಪ್ರಾಜೆಕ್ಟಿನಲ್ಲಿ ನಾನು ಬರೆದದ್ದೇ ಆ ಎರಡು ಮಾತು. ಪರೀಕ್ಷಕರಿಗೆ ಅದು ತಿಳಿಯುತ್ತದೆ, ಮನೆಯವರಿಗೆ ತಿಳಿಯುವುದಿಲ್ಲ. ಅವ್ವ ಲೋಟ ಕೆಳಗಿಟ್ಟು ಒಂದು ಮಾತು ಅಂದಳು. ಅದು ಅತ್ತೆಯ ಮಾತಿಗಿಂತ ಹೆಚ್ಚು ಚುಚ್ಚಿತು.

"ನನ್ನ ಮಗಳು ಮಾಡಿದ್ದು ಅಂತ ಕುಡೀತೀನಿ. ಡಾಕ್ಟರ ಪಂಪಿನಕ್ಕಿಂತ ನಿನ್ನ ಮ್ಯಾಲ ಹೆಚ್ಚು ನಂಬಿಕಿ ಇಟ್ಟೀನಿ. ನಿನಗೇ ಇಲ್ಲೇನು?"

ಅವತ್ತಿನಿಂದ ದಿನಾ ಜಗಳ. ಬೆಳಿಗ್ಗೆ ನಾನು ಕಂದು ಪಂಪು ಕೈಗೆ ಕೊಡುವುದು, ಅವ್ವ ಆಮೇಲೆ ಅನ್ನುವುದು, ನಾನು ಕಾಲೇಜಿಗೆ ಹೋಗುವುದು, ಬಂದು ನೋಡಿದರೆ ಪಂಪು ಇಟ್ಟಲ್ಲೇ ಇರುವುದು. ಬೆಳಿಗ್ಗೆ ಮೆಟ್ಟಿಲು ಹತ್ತಿದರೆ ಅವ್ವನ ಎದೆಯಿಂದ ಸಣ್ಣಗೆ ಸಿಳ್ಳಿನ ಸದ್ದು ಬರತೊಡಗಿತ್ತು. ಕೇಳಿದರೆ "ಕಫ ಹೊರಗ ಬರ್ಲತ್ತದ, ಕಾಡಾ ಕೆಲಸ ಮಾಡ್ಲತ್ತದ" ಅಂತ ಅತ್ತೆ ಔರಾದದಿಂದ ಫೋನಿನಲ್ಲೇ ತೀರ್ಪು ಕೊಡುತ್ತಿದ್ದರು. ನೀಲಿ ಪಂಪು ಮಾತ್ರ ಅವ್ವ ಸಂಚಿಯಿಂದ ಕದ್ದು ಎಳೆದುಕೊಳ್ಳುತ್ತಿದ್ದಳು. ಎಳೆದು, ಮತ್ತೆ ಅಡಿಕೆಯ ನಡುವೆ ಹಾಕಿ, ದಾರ ಬಿಗಿಯುತ್ತಿದ್ದಳು. ಅದರ ಮುಚ್ಚಳ ಯಾವಾಗಲೋ ಕಳೆದುಹೋಗಿತ್ತು ಅನ್ನುವುದು ನನಗೆ ತಿಳಿದದ್ದು ಔರಾದದಲ್ಲಿ.

ಔರಾದಕ್ಕೆ ಹೋದದ್ದು ನನ್ನನ್ನು ನೋಡಲು ಬರುವವರ ಸಲುವಾಗಿ. ಅತ್ತೆ ಹುಡುಕಿದ ಸಂಬಂಧ. ನಮ್ಮ ಬಾಡಿಗೆ ಮನೆ ಇಕ್ಕಟ್ಟು, ತಮ್ಮ ಮನೆಯಲ್ಲೇ ತೋರಿಸೋಣ ಅಂದಿದ್ದರು. ನನಗೆ ಪ್ರಾಜೆಕ್ಟ್ ಕೊಡುವ ಗಡಿಬಿಡಿ, ಆದರೂ ಹೋದೆ. ಹುಡುಗ, ಹುಡುಗನ ತಾಯಿ, ಇನ್ನೊಂದಿಬ್ಬರು ಹಿರಿಯರು ಮಧ್ಯಾಹ್ನ ಬಂದು ಪಡಸಾಲೆಯಲ್ಲಿ ಕೂತರು. ಹುಡುಗನ ತಾಯಿ ನನ್ನನ್ನು ಎರಡು ಮಾತು ಕೇಳಿದರು, ಮೂರನೆಯದು ಕೇಳುವುದರೊಳಗೆ ಅಡಿಗೆ ಮನೆಯಿಂದ ಒಣ ಮೆಣಸಿನಕಾಯಿ ಒಗ್ಗರಣೆಯ ಘಾಟು ಬಂತು. ಎಲ್ಲರೂ ಕೆಮ್ಮಿದರು. ಅವ್ವ ಅಲ್ಲಿಯೇ ಒಲೆ ಹತ್ತಿರ ಇದ್ದಳು. ಅವಳ ಕೆಮ್ಮು ಹಿತ್ತಲ ಕಡೆ ಸರಿದುಹೋದದ್ದು ನನಗೆ ಕೇಳಿಸಿತು. ಆಮೇಲೆ ಕೆಮ್ಮೂ ಕೇಳಿಸಲಿಲ್ಲ.

ಎದ್ದು ಓಡಿದೆ. ಅವ್ವ ಹಿತ್ತಲ ಗೋಡೆಗೆ ಕೈ ಕೊಟ್ಟು ಬಗ್ಗಿದ್ದಳು. ಬಾಯಿ ತೆರೆದಿತ್ತು, ಸದ್ದಿಲ್ಲ; ಬರೀ ದಮ್ಮಾಗಿದ್ದರೆ ಸಿಳ್ಳಾದರೂ ಕೇಳಬೇಕಿತ್ತು, ಗಂಟಲಿಗೆ ಏನೋ ಸಿಕ್ಕಿರಬೇಕು. ಕೈಯಲ್ಲಿ ನೀಲಿ ಪಂಪು, ಕಾಲ ಬಳಿ ಬಿಚ್ಚಿದ ಸಂಚಿ. ಒಂದು ಕೈಯಿಂದ ಅವಳ ಎದೆ ಆನಿಸಿಕೊಂಡು, ಮುಂದಕ್ಕೆ ಬಗ್ಗಿಸಿ, ಹೆಗಲುಗಳ ನಡುವೆ ಅಂಗೈ ಬುಡದಿಂದ ಹೊಡೆದೆ. ಹೆತ್ತ ತಾಯಿಯನ್ನು ಹೊಡೆಯುತ್ತಾಳೆ ಅಂತ ಹಿಂದೆ ಯಾರೋ ಅಂದರು. ಮತ್ತೆ ಹೊಡೆದೆ. ಅವ್ವ ಒಮ್ಮೆ ಜೋರಾಗಿ ಕೆಮ್ಮಿದಳು, ಒಂದು ಚೂರು ಅಡಿಕೆ ನೆಲಕ್ಕೆ ಬಿತ್ತು.

ಆಗ ತಿಳಿಯಿತು. ಮುಚ್ಚಳವಿಲ್ಲದ ಪಂಪಿನ ಬಾಯಿಯೊಳಗೆ ಸಂಚಿಯ ಅಡಿಕೆ ಚೂರು ಸೇರಿಕೊಂಡಿತ್ತು. ಪಂಪು ಒತ್ತಿ ಉಸಿರೆಳೆದಾಗ ಅದೂ ಗಂಟಲಿಗೆ ಹೋಗಿತ್ತು. ಪಂಪು ಮುಚ್ಚಿಡಲು ಹೋಗಿ ಉಸಿರೇ ಮುಚ್ಚಿಹೋಗುವುದರಲ್ಲಿತ್ತು.

ಚೂರು ಹೊರಗೆ ಬಂದರೂ ದಮ್ಮು ಇಳಿದಿರಲಿಲ್ಲ. ಎದೆ ಸಿಳ್ಳು ಹಾಕುತ್ತಿತ್ತು. ಪಂಪಿನ ಡಬ್ಬಿ ಕಿತ್ತು, ಪ್ಲಾಸ್ಟಿಕ್ ಬಾಯಿಯನ್ನು ಬಾನಿಯ ನೀರಲ್ಲಿ ತೊಳೆದು ಝಾಡಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೂಡಿಸಿದೆ. ತಲೆ ಎತ್ತಿದರೆ ಹಿತ್ತಲ ಬಾಗಿಲ ತುಂಬ ಜನ. ಹುಡುಗನ ತಾಯಿ ಮುಂದೆಯೇ ನಿಂತಿದ್ದರು. ಅತ್ತೆ ಅಡ್ಡ ಬಂದು ನನ್ನ ಕಿವಿಯ ಹತ್ತಿರ ಅಂದರು, "ಒಳಗ ಕರಕೊಂಡು ಹೋಗಿ ಕೊಡು. ಅವ್ರು ನೋಡ್ಲತ್ತಾರ."

"ನೋಡ್ಲಿ ಅತ್ತಿ."

ಅಲ್ಲೇ ಹಿತ್ತಲ ಕಟ್ಟೆಯ ಮೇಲೆ ಕೂಡಿಸಿ ಕೊಟ್ಟೆ. "ಉಸಿರು ಬಿಡವ್ವ. ಈಗ ಎಳಿ. ಹಿಡಿ. ಬಿಡು." ಎಲ್ಲರ ಎದುರಿಗೆ, ಮಟ್ಟಸವಾಗಿ, ಮತ್ತೆ ಮತ್ತೆ. ಆಮೇಲೆ ಬಂದವರದ್ದೇ ಜೀಪಿನಲ್ಲಿ ಔರಾದದ ದವಾಖಾನೆಗೆ. ಅಲ್ಲಿ ಮುಖಕ್ಕೆ ಮಾಸ್ಕು ಹಾಕಿ ಔಷಧದ ಹಬೆ ಕೊಟ್ಟರು. ಸಂಜೆ ಹೊತ್ತಿಗೆ ಅವ್ವನಿಗೆ ಪೂರ್ತಿ ಒಂದು ವಾಕ್ಯ ಮಾತಾಡಲು ಉಸಿರು ಬಂತು. ಆ ಮೊದಲ ವಾಕ್ಯ, "ಅವರು ಏನಂದ್ರು?"

ನನಗೆ ತಲೆ ಗೋಡೆಗೆ ಬಡಿದುಕೊಳ್ಳೋಣ ಅನಿಸಿತು.

ಅವರು ಏನೂ ಅನ್ನಲಿಲ್ಲ. ಆ ಸಂಬಂಧ ಮುಂದುವರಿಯಲೂ ಇಲ್ಲ. ಆದರೆ ಹೋಗುವ ಮುಂಚೆ ಹುಡುಗನ ತಾಯಿ ದವಾಖಾನೆಯ ಹೊರಗೆ ನನ್ನನ್ನು ಬದಿಗೆ ಕರೆದು, ಅತ್ತ ಇತ್ತ ನೋಡಿ ಕೇಳಿದ್ದರು, "ಪಂಪಿನ ಬಾಯಿ ಎಷ್ಟು ದಿನಕ್ಕೊಮ್ಮಿ ತೊಳೀಬೇಕವ್ವ? ನಮ್ಮ ದೊಡ್ಡ ಹುಡುಗಂದೂ ಅದ. ಯಾರ ಮುಂದೂ ಅನ್ಬ್ಯಾಡ ಮತ್ತ." ವಾರಕ್ಕೊಮ್ಮೆ ಅಂತ ಹೇಳಿದೆ. ಹೇಳುತ್ತಾ, ಅವರ ಬೆನ್ನ ಹಿಂದೆ ಬಂದು ನಿಂತಿದ್ದ ಅತ್ತೆಯನ್ನು ನೋಡಿದೆ. ಕೇಳಿಸಿಕೊಂಡಿದ್ದರು. ಯಾರಿಂದ ಮುಚ್ಚಿಡಲು ಇಷ್ಟೆಲ್ಲ ಮಾಡಿದ್ದರೋ ಅವರ ಮನೆಯಲ್ಲೂ ಅದೇ ಪಂಪು.

ವಾರ್ಡಿಗೆ ಬಂದು ಅವ್ವನ ಮಂಚದ ಕಾಲ್ದೆಸೆಗೆ ಕೂತೆ. ಅವ್ವ ಮುಖ ಆ ಕಡೆ ಮಾಡಿಕೊಂಡಿದ್ದಳು.

"ನನ್ನ ಮ್ಯಾಲ ನಂಬಿಕಿ ಅದ ಅಂದಿದ್ದಿ ಅಲ್ಲ?" ಅಂದೆ. "ಹಂಗಿದ್ರ ನಾ ಹೇಳಿದ್ದು ನಂಬು. ನಾ ಹೇಳ್ಲಾರದ್ದು ಯಾಕ ನಂಬ್ತಿ? ಉಳ್ಳಾಗಡ್ಡಿ ಸಿಪ್ಪಿ ನನ್ನ ಪರೀಕ್ಷಾಕ್ಕ. ಪಂಪ್ ನಿನ್ನ ಜೀವಕ್ಕ. ನಾಳಿ ಯಾರರ ಅದರಿಂದ ಖರೇನ ಔಷಧ ಮಾಡಿದ್ರ, ಪಂಪ್ ಬಿಡು ಅಂತ ಡಾಕ್ಟರು ಅಂದ್ರ, ನಾನೇ ಬಂದು ಹೇಳ್ತೇನಿ. ಅಲ್ಲಿತನ ಬಿಡಬ್ಯಾಡ."

ಅವ್ವ ಈ ಕಡೆ ಹೊರಳಿ ಅಂದಳು, "ಆ ಕಾಡಾ ಬಾಳ ಕಹಿ ಇತ್ತು. ನಿನ್ನ ಮಾರಿ ನೋಡಿ ಕುಡದೆ."

"ನನ್ನ ಮಾರಿ ನೋಡಿ ಪಂಪ್ ತಗೋ."

"ತಗೋತೀನಿ. ಬೈಬ್ಯಾಡ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಅವ್ವನ ಸಂಚಿಯನ್ನು ತಲೆದಿಂಬಿನ ಪಕ್ಕ ಇಟ್ಟರು. ನೀಲಿ ಪಂಪು ಅದರೊಳಗೆ ಇರಲಿಲ್ಲ, ಅವರ ಕೈಯಲ್ಲಿತ್ತು, ಸ್ವಚ್ಛ ಕರವಸ್ತ್ರದಲ್ಲಿ ಸುತ್ತಿ. ಹೀಗೆಂದಾಕ್ಷಣ ಅತ್ತೆ ಬದಲಾದರು ಅಂತ ಯಾರೂ ತಿಳಿಯಬಾರದು. ಬೀದರಿಗೆ ನಮ್ಮನ್ನು ಬಿಡಲು ಬಂದಾಗ ದಾರಿಯುದ್ದಕ್ಕೂ, "ಕಾಡಾ ಸ್ವಲ್ಪ ನೀರಾತು, ಅದಕ್ಕ ಹಂಗಾತು" ಅಂತ ವಾದಿಸುತ್ತಲೇ ಬಂದರು. ಆದರೆ ಮನೆ ಸೇರಿದ ಮೇಲೆ, ನಾನು ಪಡಸಾಲೆಯ ಗೋಡೆಯ ಗೂಡಿನಿಂದ ಹಳೆ ಬಾಚಣಿಗೆ, ಎಣ್ಣೆ ಬಾಟಲಿ ಎಲ್ಲ ತೆಗೆದು ಕಂದು ಪಂಪು, ಹೊಸ ಮುಚ್ಚಳದ ನೀಲಿ ಪಂಪು ಎರಡನ್ನೂ ಅಲ್ಲಿ ಇಟ್ಟಾಗ, ಬೇಡ ಅನ್ನಲಿಲ್ಲ. ಬಾಗಿಲಲ್ಲಿ ನಿಂತವರಿಗೂ ಕಾಣುವ ಗೂಡು ಅದು. ಪಕ್ಕದ ಮನೆಯಾಕೆ ಬಂದು "ಇದೇನ್ರಿ ಹೊಸಾದು?" ಅಂದಳು. ಅವ್ವ ನನ್ನ ಕಡೆ ನೋಡಿದಳು. ಅತ್ತೆಯೇ ಬಾಯಿ ಹಾಕಿದರು: "ದಮ್ಮಿಂದು. ನಮ್ಮ ಪೋರಿ ಇಡಂದಾಳ. ಓದಿದಾಕಿ, ಕೇಳಬೇಕಲ್ಲ."

ಪ್ರಾಜೆಕ್ಟ್ ಕೊಟ್ಟೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಕಠಿಣ ಪ್ರಶ್ನೆ: ಈ ಸಾರವನ್ನು ರೋಗಿಗೆ ಕೊಡಬಹುದೆ? ಕೊಡುವ ಹಂತ ಇನ್ನೂ ಬಂದಿಲ್ಲ, ಬಂದರೂ ಈಗಿರುವ ಔಷಧದ ಜೊತೆಗೆ ಇಟ್ಟು ಪರೀಕ್ಷಿಸಬೇಕು, ಅದನ್ನು ಬಿಡಿಸಿ ಅಲ್ಲ ಅಂದೆ. ಇಷ್ಟು ಗಟ್ಟಿಯಾಗಿ ಹೇಳುತ್ತೀಯಲ್ಲ ಅಂತ ಅವರು ನಕ್ಕರು. ಮೇಡಂ ನಗಲಿಲ್ಲ. ಅವರಿಗೆ ಔರಾದದ ಕತೆ ಗೊತ್ತಿತ್ತು.

ಸರ್ಟಿಫಿಕೇಟು ಕೊಡುವ ದಿನ ಅಪ್ಪ ಗಂಜಿಗೆ ರಜೆ ಹಾಕಿ ಇಸ್ತ್ರಿ ಅಂಗಿ ತೊಟ್ಟು ಬಂದ. ಅತ್ತೆ ಔರಾದದಿಂದ ಹಿಂದಿನ ದಿನವೇ ಬಂದಿದ್ದರು. ನನ್ನ ಹೆಸರು ಕರೆದಾಗ ವೇದಿಕೆಗೆ ಹತ್ತಿದೆ. ವೇದಿಕೆಯ ಮೇಲಿನಿಂದ ಹುಡುಕಿದರೆ ಹಿಂದಿನ ಸಾಲಿನಲ್ಲಿ ಅವ್ವ ಕಂಡಳು. ಸಭೆಯ ಸೆಂಟು, ಹೂವು, ಜನದ ಕಾವಿಗೆ ಎದೆ ಹಿಡಿದಿರಬೇಕು. ಅಷ್ಟು ಜನರ ನಡುವೆ ನೀಲಿ ಪಂಪು ಬಾಯಿಗಿಟ್ಟು ಒತ್ತಿ, ಉಸಿರು ಹಿಡಿದು ನನ್ನ ಕಡೆಗೇ ನೋಡುತ್ತಿದ್ದಳು. ಚಪ್ಪಾಳೆ ತಟ್ಟಲು ಅವಳಿಗೆ ಕೈ ಬಿಡುವಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಬಂದು ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಎರಡೂ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಓದಲು ಬರುವುದಿಲ್ಲ, ಆದರೂ ಮೇಲಿನಿಂದ ಕೆಳಗೆ ನೋಡಿದಳು. ಅಪ್ಪ ಬೆರಳಿಟ್ಟು ನನ್ನ ಹೆಸರು ತೋರಿಸಿದ. ಆಮೇಲೆ ಅವ್ವ ಅದನ್ನು ಜೋಪಾನ ಮಾಡುವ ಆತುರಕ್ಕೆ ನಾಲ್ಕು ಮಡಿಕೆ ಮಾಡಲು ಹೊರಟು, ಇನ್ನೊಂದು ಕೈಯಿಂದ ಸೊಂಟದ ಸಂಚಿಯ ದಾರ ಎಳೆದಳು.

ಅತ್ತೆ ಅವಳ ಕೈ ಹಿಡಿದರು.

"ಏ ತಂಗಿ, ಸಂಚ್ಯಾಗ ಬ್ಯಾಡ" ಅಂದರು. "ಮನ್ಯಾಗ ಗೂಡಿನ್ಯಾಗ ಪಂಪ್ ಇಡ್ತೀರಲ್ಲ, ಅವುಗಳ ಬಾಜೂಕಿಡು. ಬಂದವರಿಗಿ ಕಾಣ್ಲಿ."